ರದ್ದಾದ ನಕ್ಷೆಯನ್ನು ಒಗೆಯಬೇಡಿ

ಎದುರುಮನೆ ಅಶ್ವಿನಿಗೆ ಸಾಗರದಲ್ಲೇ ಕೆಲಸ ಸಿಕ್ಕಿದೆ. ಕಚೇರಿಯ ಕಂಪ್ಯೂಟರಿನಲ್ಲಿರುವ ಕಡತಗಳಿಗೆಲ್ಲ ಇನ್ನೊಂದು ಪ್ರತಿ ತೆಗೆದು ಬೇರೆ ಕಡೆ ಇಡುವುದು ಅವಳ ಕೆಲಸವಂತೆ. ಒಂದೇ ಕಡತವನ್ನು ಹತ್ತು ಸಲ ತಿದ್ದಿದರೆ ಹತ್ತು ಹಳೆಯ ಪ್ರತಿ ಉಳಿಯುತ್ತವಲ್ಲ, ಅದರಲ್ಲಿ ಎಷ್ಟನ್ನು ಇಟ್ಟುಕೊಳ್ಳಬೇಕು, ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು ಅಂತ ಅವಳೇ ನಿಯಮ ಬರೆದುಕೊಡಬೇಕಂತೆ. ಮೊನ್ನೆ ಸಂಜೆ ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಏನಾಯ್ತೇ ಅಂದರೆ, "ನಿಮ್ಗೆ ಇದೆಲ್ಲ ಗೊತ್ತಾಗಲ್ಲ ಬಿಡಿ ಅಜ್ಜಿ" ಅಂದಳು.

ಗೊತ್ತಾಗಲ್ಲವಂತೆ! ಅವಳ ಅಮ್ಮ ಹುಟ್ಟುವ ಮೊದಲೇ ಅಂಥದ್ದೇ ನಿಯಮ ಮಾಡಿ, ಮೇಲಿನವರ ಹತ್ತಿರ ರುಜು ಹಾಕಿಸಿ, ಅದರಿಂದ ಒಂದು ಸೇತುವೆಯನ್ನೇ ಮೇಲೆಬ್ಬಿಸಿದವಳು ನಾನು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಓದಿಕೊಳ್ಳಲಿ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾವ ಶಾಲು ಹೊದಿಸಿದರು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗ ಇಲ್ಲ.

ನಾನು ಟ್ರೇಸರ್ ಆಗಿದ್ದೆ. ಸಾಗರದಲ್ಲಿ ರಸ್ತೆ, ಮೋರಿ, ಸೇತುವೆ ಕಟ್ಟಿಸುವ ಒಂದು ಕಚೇರಿ. ಅದರ ಕೆಳಗೆ ಹೊಸನಗರಕ್ಕೆ ಒಬ್ಬರು, ತೀರ್ಥಹಳ್ಳಿಗೆ ಒಬ್ಬರು ಓವರ್‌ಸಿಯರ್. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯನ್ನೆಲ್ಲ ಕಪ್ಪು ಮಸಿಯಲ್ಲಿ ಮೇಲೆ ತೆಗೆಯುವುದು ನನ್ನ ಕೆಲಸ. ಆ ಬಟ್ಟೆಯ ಚಂದ ಈಗಿನವರಿಗೆ ಹೇಗೆ ಹೇಳಲಿ? ಅಪ್ಪಟ ನೂಲಿನ ಬಟ್ಟೆ. ಅದಕ್ಕೆ ಗಂಜಿ ಕುಡಿಸಿ ಕುಡಿಸಿ ಗಾಜಿನ ಹಾಗೆ ಮಾಡಿರುತ್ತಿದ್ದರು. ಎಣ್ಣೆ ಕೈ ತಾಗಿದರೆ ಮಸಿ ಹತ್ತುವುದಿಲ್ಲ, ನೀರಿನ ಹನಿ ಬಿದ್ದರೆ ಗಂಜಿ ಕರಗಿ ಅಲ್ಲಿನ ಗೆರೆಯೆಲ್ಲ ಕದಡಿ ಹೋಗುತ್ತೆ. ಬೇಸಗೆಯಲ್ಲಿ ನಾನು ಹಣೆಗೆ ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೆ, ಬೆವರು ಬೀಳಬಾರದು ಅಂತ. ನೋಡಿದವರು ತಲೆನೋವಾ ಅಂತ ಕೇಳುತ್ತಿದ್ದರು.

ಬಟ್ಟೆಯ ಮೇಲಿನದು ಮೂಲ. ಕೆಲಸದ ಜಾಗಕ್ಕೆ ಹೋಗುವುದು ಅದರ ನೀಲಿ ಪ್ರತಿ. ಮದ್ದು ಹಚ್ಚಿದ ಕಾಗದದ ಮೇಲೆ ಈ ಬಟ್ಟೆ ಇಟ್ಟು, ಗಾಜಿನ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಹಿಡಿದು, ಆಮೇಲೆ ಕಾಗದವನ್ನು ನೀರಲ್ಲಿ ತೊಳೆದರೆ ನೀಲಿ ನೆಲದ ಮೇಲೆ ಬಿಳಿ ಗೆರೆ ಎದ್ದು ಬರುತ್ತಿತ್ತು. ಬಿಸಿಲಿಲ್ಲದೆ ಪ್ರತಿ ಇಲ್ಲ. ನಮ್ಮ ಕಡೆ ಮಳೆ ಹಿಡಿಯಿತೆಂದರೆ ಸೂರ್ಯನ ಮುಖ ಎಲ್ಲಿ ಕಾಣುತ್ತೆ? ಹಾಗಾಗಿ ಮನೆಮನೆಯಲ್ಲಿ ಹೆಂಗಸರು ಮಳೆಗಾಲಕ್ಕೆ ಅಂತ ಹಪ್ಪಳ ಸಂಡಿಗೆ ಒಣಗಿಸುವ ಹೊತ್ತಿಗೆ, ನಾವು ಕಚೇರಿ ಅಂಗಳದಲ್ಲಿ ಸೇತುವೆ ಒಣಗಿಸುತ್ತಿದ್ದೆವು.

ಆಗ ಕಚೇರಿಯಲ್ಲಿ ಎಲ್ಲಿಲ್ಲದ ಗಡಿಬಿಡಿ. ಅರವತ್ತರ ದಶಕದ ನಡುವಿನ ಕಾಲ. ಶರಾವತಿಗೆ ಕಟ್ಟಿದ ಅಣೆಕಟ್ಟಿನಿಂದ ಹಿನ್ನೀರು ಏರುತ್ತಿತ್ತು. ನಿನ್ನೆ ಇದ್ದ ರಸ್ತೆ ನಾಳೆ ನೀರಿನಡಿ. ಹೊಸ ರಸ್ತೆಯ ನಕ್ಷೆ ಬರೆದು ಮಸಿ ಆರುವ ಮೊದಲೇ, ಅದಲ್ಲ, ಇನ್ನೂ ಮೇಲಕ್ಕೆ ಹೋಗಲಿ ಅಂತ ಶಿವಮೊಗ್ಗದಿಂದ ತಿದ್ದುಪಡಿ ಬರುತ್ತಿತ್ತು. ಒಂದೊಂದು ಕೆಲಸಕ್ಕೆ ಮೂರು ನಾಲ್ಕು ನಕ್ಷೆ. ಹೊಸದು ಬಂದ ಕೂಡಲೇ ಹಳೆಯದರ ಮೇಲೆ 'ರದ್ದು' ಅಂತ ಮೊಹರು ಹೊಡೆಯುತ್ತಿದ್ದೆವು. ಹೊಡೆದ ಮೇಲೆ ಅದನ್ನು ಏನು ಮಾಡಬೇಕು ಅಂತ ಯಾರೂ ಯೋಚನೆ ಮಾಡಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ತೀರ್ಥಹಳ್ಳಿ ಕಡೆ, ಅರಳಸುರಳಿಯ ದಾರಿಯಲ್ಲಿ ಒಂದು ಮೋರಿ ಕಟ್ಟುವಾಗ. ಹಳೇ ನಕ್ಷೆಯ ನೀಲಿ ಪ್ರತಿ ಮೇಸ್ತ್ರಿಯ ಹತ್ತಿರ ಇತ್ತು. ತಿದ್ದಿದ ನಕ್ಷೆಯದೂ ಹೋಯಿತು. ಹಳೇದು ಒಳ್ಳೇ ಉರಿಬಿಸಿಲಲ್ಲಿ ತೆಗೆದದ್ದು, ಗೆರೆಗಳು ಮುತ್ತು ಪೋಣಿಸಿದ ಹಾಗೆ. ಹೊಸದು ಮೋಡದ ದಿನದ್ದು, ಮಂಕು. ಮೇಸ್ತ್ರಿ ಎರಡನ್ನೂ ನೋಡಿದ, ಚಂದ ಇದ್ದದ್ದೇ ಹೊಸದು ಅಂದುಕೊಂಡ. ಮೋರಿಯ ಬಾಯಿ ಗೇಣಷ್ಟು ಕಿರಿದಾಗಿ, ಮೊದಲ ಮಳೆಗೇ ನೀರು ರಸ್ತೆ ಮೇಲೆ ಹರಿಯಿತು. ಮೊಹರು ಓದಲು ಅವನಿಗೆ ಬರುತ್ತಿರಲಿಲ್ಲ, ಓದಲು ಬರುತ್ತಿದ್ದ ಓವರ್‌ಸಿಯರು ಆ ಕಡೆ ಹೋಗಿರಲಿಲ್ಲ.

ನಮ್ಮ ಇಂಜಿನಿಯರ್ ಶ್ರೀಕಂಠಯ್ಯನವರಿಗೆ ಉರಿದು ಹೋಯಿತು. ಕೆಟ್ಟವರಲ್ಲ, ಆದರೆ ಕೈಲಿ ಕತ್ತರಿ ಇದ್ದರೆ ಕಂಡದ್ದನ್ನೆಲ್ಲ ಕತ್ತರಿಸುವ ಸ್ವಭಾವ. ಇನ್ನು ಮೇಲೆ ಒಂದು ಕೆಲಸಕ್ಕೆ ಒಂದೇ ನಕ್ಷೆ, ಹಳೇದು ಎಲ್ಲೂ ಇರಕೂಡದು, ಕಾಗದ ಸುಡಿ, ಬಟ್ಟೆ ಹಂಚಿ ಅಂತ ಆಜ್ಞೆ ಮಾಡಿದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಕೆಲಸ ಇದು ಅಂತ ನನಗೆ ಅನ್ನಿಸಿತು. ಬಾಯಿ ಬಿಟ್ಟು ಹೇಳಿದೆ ಕೂಡ. ಅವರು ಕನ್ನಡಕದ ಮೇಲಿನಿಂದ ನೋಡಿ, "ಲಲಿತಮ್ಮ, ನೀವು ಗೆರೆ ಎಳೀರಿ" ಅಂದರು.

ಬಟ್ಟೆ ಹಂಚಿ ಅಂದದ್ದಕ್ಕೆ ಕಚೇರಿಯವರಿಗೆಲ್ಲ ಬಲು ಖುಷಿ. ರದ್ದಾದ ಟ್ರೇಸಿಂಗ್ ಬಟ್ಟೆಯನ್ನು ಸೋಡಾ ಹಾಕಿದ ಬಿಸಿನೀರಲ್ಲಿ ಕುದಿಸಿ ಒಗೆದರೆ ಗಂಜಿ ಹೋಗುತ್ತೆ, ಗಂಜಿಯ ಜೊತೆ ಗೆರೆಯೂ ಹೋಗುತ್ತೆ. ಉಳಿಯುವುದು ಬೆಣ್ಣೆಯಂಥ ಬಿಳಿ ಬಟ್ಟೆ. ಅಂಗಡಿಯಲ್ಲಿ ಆ ನಯದ ಬಟ್ಟೆ ನಮಗೆಲ್ಲ ಎಲ್ಲಿ ಸಿಗುತ್ತಿತ್ತು? ಕರವಸ್ತ್ರ, ದಿಂಬಿನ ಚೀಲ, ಬಾಣಂತಿ ಮನೆಗೆ ಮಗುವಿನ ಅಂಗಿ. ನಮ್ಮ ಕಚೇರಿ ಮಕ್ಕಳೆಲ್ಲ ಹುಟ್ಟಿದ ಹನ್ನೊಂದಕ್ಕೇ ರಸ್ತೆಯನ್ನೋ ಮೋರಿಯನ್ನೋ ತೊಟ್ಟುಕೊಂಡು ತೊಟ್ಟಿಲಲ್ಲಿ ಮಲಗುತ್ತಿದ್ದವು. ನಮ್ಮಮ್ಮನೂ ಒಂದೆರಡು ಕೇಳಿದ್ದರು. ನಾನು ತರಲಿಲ್ಲ, ನಾನೇ ಬರೆದದ್ದನ್ನು ನಾನೇ ಒಗೆಯಲಾ ಅಂತ ಜಗಳ ಆಡಿದೆ.

ಎರಡನೇ ಪೆಟ್ಟು ಬಿದ್ದದ್ದು ಈ ಅಂಗಿಯಿಂದಲೇ. ಹಿನ್ನೀರು ದಾಟಿಸುವ ತುಮರಿ ಕಡೆಯ ಲಾಂಚಿಗೆ ಹೋಗುವ ದಾರಿಯ ಒಂದು ತಿರುವನ್ನು ಎರಡನೇ ನಕ್ಷೆಯಲ್ಲಿ ಬದಲಾಯಿಸಿದ್ದರು. ಯಾಕೆ ಬದಲಾಯಿಸಿದ್ದು, ಮೊದಲು ಎಲ್ಲಿತ್ತು, ತೋರಿಸಿ ಅಂತ ಶಿವಮೊಗ್ಗದಿಂದ ಕೇಳಿದರು. ಮೊದಲಿನ ನಕ್ಷೆ ಎಲ್ಲಿದೆ? ಹೊಸನಗರದ ಓವರ್‌ಸಿಯರ್ ನಾಗಪ್ಪನವರ ಮೂರು ತಿಂಗಳ ಮಗಳ ಮೈಮೇಲಿದೆ. ನಾಗಪ್ಪ ಪಾಪದ ಮನುಷ್ಯ. ಹೆಂಡತಿಯ ಹತ್ತಿರ ಬೈಸಿಕೊಂಡು ಅಂಗಿಯನ್ನು ತಂದೇ ಬಿಟ್ಟರು.

ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಇಬ್ರಾಹಿಂ ಸಾಹೇಬರು ಅಂತ ಇದ್ದರು. ನನಗೆ ಅಕ್ಷರ ಬರೆಯುವುದನ್ನು ಕಲಿಸಿದವರು, ನಗದೆ ನಗಿಸುವವರು. ಅವರು ಆ ಪುಟಾಣಿ ಅಂಗಿಯನ್ನು ಡ್ರಾಯಿಂಗ್ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಚೇರಿಗೆ ಕಚೇರಿಯೇ ಸುತ್ತ ನಿಂತಿತ್ತು. ಕೊನೆಗೆ, "ಸಾರ್, ಬೆನ್ನಲ್ಲಿ ಉತ್ತರ ದಿಕ್ಕಿನ ಬಾಣ ಸಿಕ್ಕಿದೆ. ತಿರುವು ಬಹುಶಃ ಕಂಕುಳಲ್ಲಿ ಹೋಗಿದೆ" ಅಂದರು. ಶ್ರೀಕಂಠಯ್ಯನವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಒರೆಸಿಕೊಂಡ ಕರವಸ್ತ್ರವೂ ಅದೇ ಬಟ್ಟೆಯದು.

ಕಬ್ಬಿಣ ಕಾದಿದೆ, ಈಗಲೇ ಬಡಿಯಬೇಕು ಅಂತ ನಾನು ಅಲ್ಲೇ ಶುರು ಮಾಡಿದೆ. ಎಲ್ಲ ಇಟ್ಟುಕೊಂಡರೆ ಮೇಸ್ತ್ರಿ ತಪ್ಪು ನಕ್ಷೆ ಹಿಡಿಯುತ್ತಾನೆ, ಎಲ್ಲ ಬಿಸಾಡಿದರೆ ಬೇಕಾದಾಗ ಸಿಗಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ನನ್ನ ಹತ್ತಿರ ಒಂದು ದಾರಿ ಇದೆ ಅಂದೆ. ನಡೆಯುತ್ತಿರುವ ಹೊಸ ನಕ್ಷೆ ಮಾತ್ರ ಕೆಲಸದ ಜಾಗದಲ್ಲೂ ಸಾಗರದಲ್ಲೂ ಇರಲಿ. ಅದರ ಹಿಂದಿನದು ಒಂದೇ ಒಂದು, ಬೇರೆ ತಾಲ್ಲೂಕಿನಲ್ಲಿರಲಿ. ಹೊಸನಗರದ ಹಳೇ ನಕ್ಷೆ ತೀರ್ಥಹಳ್ಳಿಯಲ್ಲಿ, ತೀರ್ಥಹಳ್ಳಿಯದು ಹೊಸನಗರದಲ್ಲಿ. ಅಲ್ಲಿ ಆ ಹಳ್ಳವೇ ಇಲ್ಲದ ಮೇಲೆ ತಪ್ಪಿ ಕಟ್ಟುವುದಕ್ಕೆ ಯಾವ ಮೇಸ್ತ್ರಿಗೂ ಸಾಧ್ಯವಿಲ್ಲ. ಕೆಲಸ ಮುಗಿದು ಎರಡು ಮಳೆಗಾಲ ತಡೆದ ಮೇಲೆ ಆ ಹಳೇದನ್ನು ಬೇಕಾದರೆ ಒಗೆಯಲಿ. ಅದಕ್ಕೂ ಹಿಂದಿನವನ್ನು ಇವತ್ತೇ ಒಗೆಯಲಿ, ಮಕ್ಕಳಿಗೂ ಬಟ್ಟೆ ಬೇಕಲ್ಲ. ಆದರೆ ಕಟ್ಟಿ ಮುಗಿದ ಮೇಲೆ, ಇದ್ದದ್ದನ್ನು ಇದ್ದ ಹಾಗೆ ಅಳೆದು ಬರೆಯುವ ಕೊನೇ ನಕ್ಷೆಯನ್ನು ಮಾತ್ರ ಯಾರೂ ಯಾವತ್ತೂ ಮುಟ್ಟುವ ಹಾಗಿಲ್ಲ. ಅದು ಎರಡು ಊರಲ್ಲಿ ಎರಡು ಇರಬೇಕು.

ಮಳೆಗಾಲದ ಲೆಕ್ಕ ಯಾಕೆ ಅಂತ ಕೇಳಿದರು. ನಮ್ಮಲ್ಲಿ ಕಟ್ಟಿದ್ದು ಸರಿಯಾಯಿತೋ ಇಲ್ಲವೋ ಅಂತ ಹೇಳುವುದು ಮಳೆಯೇ ಸರ್, ಒಂದು ಸಲ ಅದೃಷ್ಟದಿಂದ ತಪ್ಪಿಸಿಕೊಳ್ಳಬಹುದು, ಎರಡನೇ ಸಲ ಆಗಲ್ಲ ಅಂದೆ. ಇಬ್ರಾಹಿಂ ಸಾಹೇಬರು ಹಿಂದಿನಿಂದ ತಲೆ ಆಡಿಸಿದರು. ಶ್ರೀಕಂಠಯ್ಯನವರು ಸ್ವಲ್ಪ ಯೋಚಿಸಿ ಒಂದು ವರ್ಷದ ಮಟ್ಟಿಗೆ ಒಪ್ಪಿದರು. ಅಷ್ಟರಲ್ಲಿ ಒಬ್ಬ ಮೇಸ್ತ್ರಿ ಹಳೇ ನಕ್ಷೆ ಹಿಡಿದರೂ ನನ್ನ ನಿಯಮಕ್ಕೆ ಎಳ್ಳುನೀರು ಅಂತ ಸೇರಿಸಿದರು. ಆಗಲಿ ಅಂದೆ.

ಆ ವರ್ಷ ಮುಗಿಯುವ ಮೊದಲೇ ಮಾವಿನಹಳ್ಳ ಬಂತು.

ಹೊಸನಗರದಿಂದ ಆಚೆ ಒಂದು ಹಳ್ಳ. ಬೇಸಗೆಯಲ್ಲಿ ಮೊಣಕಾಲುದ್ದ, ಮಳೆಯಲ್ಲಿ ಆನೆಯನ್ನೂ ಎಳೆದುಕೊಂಡು ಹೋಗುವಂಥದ್ದು. ಕೆಳಗಿನ ಹಳೇ ದಾರಿ ಆ ಮಳೆಗಾಲಕ್ಕೆ ಹಿನ್ನೀರಿನಲ್ಲಿ ಹೋಗುವುದು ಖಾತ್ರಿ ಇತ್ತು. ಹಳ್ಳದ ಆಚೆ ದಡದಲ್ಲಿ ಕೆಲವು ಸಂಸಾರಗಳು ಹೊಸದಾಗಿ ಗುಡಿಸಲು ಕಟ್ಟಿದ್ದವು. ಅವರ ಮೊದಲಿನ ಊರು ಆಗಲೇ ಮುಳುಗಿತ್ತು. ಇಲ್ಲಿ ಸೇತುವೆ ಆಗುತ್ತೆ ಅನ್ನುವ ಮಾತಿನ ಮೇಲೆ ಬಂದು ಗದ್ದೆ ಕಡಿದುಕೊಂಡಿದ್ದರು. ಅವರ ಹಿರಿಯ ಮಂಜಪ್ಪಗೌಡರು. ಮಳೆ ಹಿಡಿಯುವುದರೊಳಗೆ ಸೇತುವೆ ಏಳದಿದ್ದರೆ ಅವರನ್ನು ಅಲ್ಲಿಂದ ಎಬ್ಬಿಸಬೇಕು, ದಾರಿಯಿಲ್ಲದ ದಡದಲ್ಲಿ ಮಳೆಗಾಲ ಬಿಡುವ ಹಾಗಿಲ್ಲ ಅಂತ ಮೇಲಿನಿಂದ ಮಾತು ಬಂದಿತ್ತು.

ಸೇತುವೆಗೆ ಮೂರು ಕಣ್ಣು, ಅಂದರೆ ನೀರು ಹರಿಯುವ ಮೂರು ಕಿಂಡಿ, ನಡುವೆ ಎರಡು ಕಂಬ. ಮೊದಲ ನಕ್ಷೆ ಆಯಿತು, ಎರಡನೇದಾಯಿತು. ಆಮೇಲೆ ರಸ್ತೆ ನೆಟ್ಟಗೆ ಬರಲಿ ಅಂತ ಶಿವಮೊಗ್ಗದಲ್ಲಿ ಸೇತುವೆಯನ್ನೇ ಹಳ್ಳದ ಮೇಲ್ಗಡೆಗೆ ಸ್ವಲ್ಪ ಸರಿಸಿ ಮೂರನೇ ನಕ್ಷೆ ಕಳಿಸಿದರು. ನಾಗಪ್ಪ ಅದರ ಪ್ರಕಾರ ಕೆಲಸ ಶುರು ಮಾಡಿದರು. ಈಚೆ ಕಂಬಕ್ಕೆ ಬಂಡೆ ಸಿಕ್ಕಿತು. ಆಚೆ ಕಂಬಕ್ಕೆ ಅಗೆದಷ್ಟೂ ಕಪ್ಪು ಜೇಡಿ. ಕೆಳಗಿನಿಂದ ಒರತೆ, ಮೇಲಿನಿಂದ ಆಗಾಗ ಮುಂಗಾರಿನ ಮುಂಚಿನ ಮಳೆ. ಪಂಪು ಒಂದೇ. ಎತ್ತಿದ ನೀರು ಮತ್ತೆ ಅಲ್ಲೇ. ಬಂಡೆ ಇನ್ನೆಷ್ಟು ಕೆಳಗಿದೆ, ಯಾವ ಪಕ್ಕಕ್ಕಿದೆ, ಒಂದೂ ಗೊತ್ತಿಲ್ಲ. ಶಿವಮೊಗ್ಗದ ದೊಡ್ಡ ಇಂಜಿನಿಯರು ಬಂದು ನೋಡುತ್ತಾರೆ, ಬಂಡೆ ಇಲ್ಲದಿದ್ದರೆ ಈ ವರ್ಷ ಕೆಲಸ ನಿಲ್ಲಿಸುತ್ತಾರೆ ಅಂತ ಸುದ್ದಿ ಬಂತು.

ನಾಗಪ್ಪ ಸಾಗರಕ್ಕೆ ಓಡಿ ಬಂದರು. ಎರಡನೇ ನಕ್ಷೆ ಮಾಡುವಾಗ ಅಲ್ಲೆಲ್ಲ ಪರೀಕ್ಷೆಯ ಗುಂಡಿ ತೋಡಿಸಿದ್ದರು, ಬಂಡೆ ಎಲ್ಲೆಲ್ಲಿ ಎಷ್ಟು ಆಳ ಅಂತ ಅದರಲ್ಲಿ ಗುರುತಿತ್ತು ಅಂತ ನೆನಪು ಮಾಡಿಕೊಂಡರು. ಗುಂಡಿ ತೋಡಿಸಿದವರು ವರ್ಗವಾಗಿ ಹೋಗಿದ್ದರು, ಗುಂಡಿಗಳು ಮುಚ್ಚಿ ಹೋಗಿದ್ದವು. ಮೂರನೇ ನಕ್ಷೆಯಲ್ಲಿ ಆ ಗುರುತು ಯಾಕಿಲ್ಲ ಅಂತ ಕೇಳುತ್ತೀರಾ? ಸೇತುವೆಯ ಹೊಸ ಜಾಗಕ್ಕೆ ಬೇಡದ್ದು ಅಂತ ಬರೆದವರು ಬಿಟ್ಟಿದ್ದರು. ಇದನ್ನು ಮಾತ್ರ ನೆನಪಿಡಿ ಮಕ್ಕಳೇ. ಹೊಸದರಲ್ಲಿ ಹಳೇದೆಲ್ಲ ಇದ್ದೇ ಇರುತ್ತೆ ಅಂತ ಯಾವತ್ತೂ ನಂಬಬೇಡಿ.

"ಎರಡನೇದು ತೀರ್ಥಹಳ್ಳಿಯಲ್ಲಿದೆ, ನಾನೇ ಕಳಿಸಿದ್ದೇನೆ" ಅಂದೆ. ಆ ಮಾತು ಹೇಳುವಾಗ ನನ್ನ ಮೈ ಒಂದು ಹಿಡಿ ಎತ್ತರವಾಯಿತು, ಸುಳ್ಳು ಯಾಕೆ ಹೇಳಲಿ. ಶ್ರೀಕಂಠಯ್ಯನವರು ತೀರ್ಥಹಳ್ಳಿಗೆ ಟ್ರಂಕ್ ಕಾಲ್ ಹಾಕಿಸಿದರು. ಅಲ್ಲಿನ ಓವರ್‌ಸಿಯರ್ ಊರಲ್ಲಿರಲಿಲ್ಲ. ಫೋನು ಹಿಡಿದವನು ಕಾವಲುಗಾರ ದೂಮಪ್ಪ. ಬೀರುವಿನಲ್ಲಿ ನೋಡಿ ಬಂದು, ನಕ್ಷೆ ಇಲ್ಲ ಅಂದ. ಬೀರು ತುಂಬ ಗೆದ್ದಲು ಹಿಡಿದಿತ್ತು ಅಂತಲೂ ಹೇಳಿದ. ಅಷ್ಟರಲ್ಲಿ ಫೋನು ಕಡಿದು ಹೋಯಿತು.

ನಿಯಮ ಹೋದರೆ ಹೋಗಲಿ, ಆ ದಡದವರ ಗತಿ ಏನು? ನಾನು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ. ಹೆಂಗಸು ಒಬ್ಬಳೇ ಅಲ್ಲಿಗೆ ಹೋಗುವುದಾ ಅಂತ ಇಬ್ರಾಹಿಂ ಸಾಹೇಬರಿಗೆ ಚಿಂತೆ. ಬರೆದವಳು ನಾನು, ಕಳಿಸಿದವಳು ನಾನು, ಹುಡುಕುವುದಕ್ಕೆ ಇನ್ಯಾರು ಹೋಗುತ್ತಾರೆ ಅಂದೆ. ಅವರು ಹೌದು ಹೌದು ಅಂತ ಒಂದು ಕೊಡೆ ತಂದು ಕೊಟ್ಟರು.

ತೀರ್ಥಹಳ್ಳಿಯ ಕಚೇರಿಯಲ್ಲಿ ಬೀರುವಿನ ಬಾಗಿಲು ತೆಗೆದರೆ ಒಳಗೆಲ್ಲ ಮಣ್ಣು. ಕೆಳಗಿನ ಎರಡು ಅರೆ ಗೆದ್ದಲು ತಿಂದು ಪುಡಿಯಾಗಿದ್ದವು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ದೂಮಪ್ಪ ಬಂದು ಕಾಫಿ ಬೇಕಾ ಅಂತ ಕೇಳಿದ. ಕಾಫಿ ಬೇಡಪ್ಪ, ಇಲ್ಲಿ ನಕ್ಷೆ ಸುತ್ತಿಟ್ಟ ತಗಡಿನ ಕೊಳವೆ ಇತ್ತು, ಅದನ್ನೂ ಗೆದ್ದಲು ತಿಂತಾ ಅಂತ ಕೇಳಿದೆ.

"ಅದಾ? ಅದು ಹಿಂದೆ ಅಟ್ಟದಲ್ಲಿ ಐತಲ್ಲ" ಅಂದ.

ಗೆದ್ದಲು ಕಂಡ ದಿನವೇ ಅವನು ಕೊಳವೆಗಳನ್ನೆಲ್ಲ ಎತ್ತಿ, ತಾನು ಅಡುಗೆ ಮಾಡುವ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿದ್ದ. ನಮ್ಮ ಕಡೆ ಬೀಜದ ಕಾಳಿಗೂ ಕಂಬಳಿಗೂ ಮಳೆಗಾಲದಲ್ಲಿ ಅದೇ ಜಾಗ, ಹೊಗೆ ಇದ್ದಲ್ಲಿ ಹುಳ ಬರಲ್ಲ, ಬೂಸಲೂ ಹಿಡಿಯಲ್ಲ. ಫೋನಿನಲ್ಲಿ ಯಾಕೋ ಹೇಳಲಿಲ್ಲ ಅಂತ ಗದರಿದೆ. ಬೀರುವಿನಲ್ಲಿ ಇದೆಯಾ ಅಂತ ಕೇಳಿದರು, ಇಲ್ಲ ಅಂದೆ, ಬೇರೆ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕೊಳವೆಯ ಮುಚ್ಚಳ ತೆಗೆದರೆ ನನ್ನ ಎರಡನೇ ನಕ್ಷೆ ಒಂದು ಗೆರೆಯೂ ಕೆಡದೆ ಒಳಗೆ ಸುತ್ತಿಕೊಂಡಿತ್ತು. ಬಟ್ಟೆ ಮಾತ್ರ ಹೊಗೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆಗ ಕಾಫಿ ಕೇಳಿ ಕುಡಿದೆ.

ಬಟ್ಟೆ ಕಂದಿದರೆ ಬಿಸಿಲು ಒಳಗೆ ದಾಟಲ್ಲ, ನೀಲಿ ಪ್ರತಿ ಬರಲ್ಲ. ಬಿಸಿಲೂ ಇರಲಿಲ್ಲ ಅನ್ನಿ. ಹಾಗಾಗಿ ಮೂಲವನ್ನೇ ಕಂಕುಳಲ್ಲಿ ಇಟ್ಟುಕೊಂಡು ಮಾರನೇ ಬೆಳಗ್ಗೆ ಹೊಸನಗರಕ್ಕೆ ಬಂದೆ. ಅಲ್ಲಿಂದ ನಾಗಪ್ಪನವರ ಜೊತೆ ಮಾವಿನಹಳ್ಳಕ್ಕೆ ಹೋದರೆ, ದೊಡ್ಡ ಇಂಜಿನಿಯರ ಜೀಪು ಆಗಲೇ ಬಂದು ನಿಂತಿದೆ. ಶ್ರೀಕಂಠಯ್ಯನವರು ಕೈ ಕಟ್ಟಿಕೊಂಡು ನಿಂತಿದ್ದಾರೆ. ಗುಂಡಿ ತುಂಬ ನೀರು. ಕೆಲಸ ನಿಲ್ಲಿಸಿ, ಆಚೆಯವರಿಗೆ ಬೇರೆ ಕಡೆ ಜಾಗ ನೋಡಿ ಅಂತ ದೊಡ್ಡವರು ಹೇಳಿ ಆಗಿತ್ತು. ಮಂಜಪ್ಪಗೌಡರು ಹಳ್ಳ ದಾಟಿ ಬಂದು, ಮಂಡಿವರೆಗೆ ಕೆಸರಿನಲ್ಲಿ ನಿಂತಿದ್ದರು. ಕೂಗಾಡಲಿಲ್ಲ.

"ಒಂದ್ಸಲ ನೀರಿಗೆ ಅಂತ ಊರು ಬಿಟ್ವಿ ಸ್ವಾಮಿ," ಅಂದರು. "ಇನ್ನೊಂದ್ಸಲ ಬಿಡಾಕೆ ನಮ್ ಹತ್ರ ಊರೇ ಇಲ್ಲ."

ನಾನು ಕೊಳವೆಯಿಂದ ಬಟ್ಟೆ ತೆಗೆದು ಜೀಪಿನ ಬಾನೆಟ್ಟಿನ ಮೇಲೆ ಹಾಸಿದೆ. ಹಾಸಿದ್ದೇ ತಡ, ಮೇಲಿನಿಂದ ಒಂದು ಹನಿ ಬಿತ್ತು. ಕೈ ಅಡ್ಡ ಹಿಡಿದೆ. ಇನ್ನೊಂದು ಹನಿ. ಅಷ್ಟು ದೂರ ಕಾಪಾಡಿಕೊಂಡು ಬಂದದ್ದು ಕಣ್ಣೆದುರೇ ಕರಗುತ್ತಲ್ಲಪ್ಪಾ ಅಂತ ಅಳು ಬಂತು. ಕೊಡೆ ಹೊಸನಗರದಲ್ಲೇ ಬಿಟ್ಟಿದ್ದೆ. ನೀರು ಬಿದ್ದರೆ ಗೆರೆ ಹೋಗುತ್ತೆ ಅಂತ ಕೂಗಿದೆ. ಮಂಜಪ್ಪಗೌಡರು ಹೆಗಲ ಮೇಲಿನ ಕಂಬಳಿ ಬಿಚ್ಚಿ, ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿಯನ್ನು ಶ್ರೀಕಂಠಯ್ಯನವರ ಕೈಗೆ ಕೊಟ್ಟರು. ಇಂಜಿನಿಯರು, ಗೌಡರು ಇಬ್ಬರೂ ಚಪ್ಪರದ ಕಂಬದ ಹಾಗೆ ನಿಂತರು. ಅದರಡಿಗೆ ದೊಡ್ಡ ಇಂಜಿನಿಯರೂ ತಲೆ ತೂರಿಸಿದರು.

ನಕ್ಷೆಯಲ್ಲಿ ಗುಂಡಿಗಳ ಗುರುತು ಒಂದೊಂದೂ ಇತ್ತು. ಬೆರಳಿಟ್ಟು ಓದುತ್ತಾ ಹೋದೆ. ಈಚೆ ದಡದಿಂದ ಬಂಡೆ ಮೇಲಕ್ಕೇ ಇದೆ. ನಡುವೆ ಒಂದು ಕಡೆ ದಿಢೀರನೆ ಇಳಿಯುತ್ತೆ, ಅಲ್ಲೊಂದು ಕೊರಕಲು. ಆಚೆ ದಡದ ಕಡೆಗೆ ಹೋದರೆ ಮತ್ತೆ ಮೇಲೇಳುತ್ತೆ. ನಾವು ಕಂಬಕ್ಕೆ ಅಗೆಯುತ್ತಿದ್ದದ್ದು ಸರಿಯಾಗಿ ಆ ಕೊರಕಲಿನೊಳಗೆ. ದೊಡ್ಡ ಇಂಜಿನಿಯರು ಸ್ಕೇಲು ಕೇಳಿದರು, ಅಳೆದರು, ಇನ್ನೊಮ್ಮೆ ಅಳೆದರು. ಕಂಬವನ್ನು ಆಚೆಗೆ ಸರಿಸಿದರೆ ಒಂದು ಕಣ್ಣು ಅಗಲವಾಗುತ್ತೆ, ತೊಲೆ ತಡೆಯುತ್ತಾ ಅಂತ ಕೇಳಿದರು. ಶ್ರೀಕಂಠಯ್ಯನವರು ಕಂಬಳಿ ಹಿಡಿದುಕೊಂಡೇ ಬಾಯಲ್ಲಿ ಲೆಕ್ಕ ಹಾಕಿ, ತಡೆಯುತ್ತೆ ಸರ್, ನನ್ನ ಜವಾಬ್ದಾರಿ ಅಂದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಅವತ್ತೇ ಇಳಿಯಿತು.

ನಾಗಪ್ಪ ಸರಪಳಿ ಹಿಡಿದು ಅಳೆದು, ತೋರಿಸಿದ ಜಾಗದಲ್ಲಿ ಹಾರೆ ಇಳಿಸಿದರು. ಮೊದಲು ಮರಳು, ಆಮೇಲೆ ಜೇಡಿ. ಇನ್ನೊಂದು ಹೊಡೆತಕ್ಕೆ ಠಣ್ ಅಂತು. ಅಂಥ ಸದ್ದನ್ನು ನಾನು ಮತ್ತೆ ಕೇಳಿಲ್ಲ. ನಾಗಪ್ಪ ಇನ್ನೂ ನಾಲ್ಕು ಕಡೆ ಹೊಡೆದು ನೋಡಿದರು, ನಾಲ್ಕು ಕಡೆಯೂ ಬಂಡೆ. ಆಮೇಲೆ ಅಲ್ಲೇ ಕೆಸರಿನಲ್ಲಿ ಕೂತು ಮಗುವಿನ ಹಾಗೆ ಅತ್ತರು. ಕೆಲಸ ನಡೀಲಿ ಅಂದು ದೊಡ್ಡ ಇಂಜಿನಿಯರು ಜೀಪು ಹತ್ತಿದರು.

ಕೆಲಸ ನಡೆಯಿತು ಅಂದರೆ ಹೇಗೆ! ಆಚೆ ದಡದ ಗಂಡಸರು ಹೆಂಗಸರು ಎಲ್ಲ ಕಲ್ಲು ಹೊತ್ತರು. ಮಳೆಯೂ ಒಂದಿಷ್ಟು ಕರುಣೆ ತೋರಿಸಿ ತಡೆದು ಬಂತು. ಜೋರು ಮಳೆ ಹಿಡಿದ ವಾರ ಮೇಲಿನ ಹಾಸು ಮುಗಿದಿತ್ತು. ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿದ್ದಾಗ ಹೊಸನಗರದ ಬಸ್ಸು ಹಾರ್ನು ಬಾರಿಸಿಕೊಂಡು ಸೇತುವೆ ಮೇಲೆ ಆಚೆಗೆ ಹೋಯಿತು. ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ. ಟಿಕೆಟ್ ಕೊಳ್ಳಲು ಹೋದರೆ ಕಂಡಕ್ಟರು ನಕ್ಕು ಬೇಡ ಅಂದ. ಮಂಜಪ್ಪಗೌಡರ ಹೆಂಡತಿ ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ನನ್ನ ಹಣೆಗೆ ಕುಂಕುಮ ಹಚ್ಚಿ, ಬಂದ್ರಾ ಬನ್ನಿ ಅಂತ ಕೈ ಹಿಡಿದು ಇಳಿಸಿಕೊಂಡರು. ಅವರ ಮನೆಯಲ್ಲಿ ಅಕ್ಕಿ ರೊಟ್ಟಿ, ಕಳಲೆ ಪಲ್ಯ ಉಂಡೆ. ಅಂಥ ಊಟಕ್ಕೆ ಯಾವ ಬಡ್ತಿಯೂ ಸಮ ಇಲ್ಲ.

ನಿಯಮಕ್ಕೆ ಒಂದು ವರ್ಷದ ಗಡುವು ಅಂದಿದ್ದರಲ್ಲ, ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ದೊಡ್ಡ ಇಂಜಿನಿಯರ ಕಚೇರಿಯಿಂದ ಅದನ್ನು ಬರೆದು ಕಳಿಸಿ ಅಂತ ಕೇಳಿದರು, ಆಮೇಲೆ ಅವರ ಕೆಳಗಿನ ಬೇರೆ ಕಚೇರಿಗಳೂ ಹಾಗೇ ಮಾಡಿದವು ಅಂತ ಕೇಳಿದ್ದೇನೆ. ಹಳೇ ನಕ್ಷೆ ಹಿಡಿದು ಕಟ್ಟಿದ ಮೇಸ್ತ್ರಿ ನನ್ನ ಕಾಲದಲ್ಲಿ ಮತ್ತೊಬ್ಬ ಸಿಕ್ಕಲಿಲ್ಲ. ಎದೆ ತಟ್ಟಿ ಹೇಳುತ್ತೇನೆ.

ಮಳೆ ಬಿಟ್ಟ ಮೇಲೆ ಮಾವಿನಹಳ್ಳದ ಕೊನೇ ನಕ್ಷೆ ಬರೆಯುವುದಿತ್ತು, ಕಟ್ಟಿದ್ದನ್ನು ಕಟ್ಟಿದ ಹಾಗೆ. ಅಳತೆಗೆ ನಾನೂ ಹೋದೆ. ಮಂಜಪ್ಪಗೌಡರು ಬಂದು ನಾನು ತಂದಿದ್ದ ಹಳೇ ನಕ್ಷೆಯನ್ನು ತೋರಿಸಿ ಅಂದರು. ತೋರಿಸಿದೆ. ಹಳ್ಳ ಯಾವುದು, ಸೇತುವೆ ಯಾವುದು ಅಂತ ಕೇಳಿ ತಿಳಿದುಕೊಂಡರು. ಆಮೇಲೆ ಆಚೆ ದಡದ ಮೇಲೆ ಬೆರಳು ಆಡಿಸಿದರು. ಅಲ್ಲಿ ಏನೂ ಇರಲಿಲ್ಲ, ಬರೀ ಖಾಲಿ ಬಟ್ಟೆ. "ನಮ್ ಹಳೇ ಊರು ಕಾಗದದಲ್ಲಿತ್ತು, ಈಗ ನೀರಲ್ಲೈತೆ" ಅಂದರು. "ಈ ಊರು ನೆಲದಲ್ಲೈತೆ, ಕಾಗದದಲ್ಲಿಲ್ಲ." ಅಳತೆ ಮುಗಿಸಿ, ನಾಗಪ್ಪನವರಿಗೆ ಸರಪಳಿ ಹಿಡಿಯಲು ಹೇಳಿ, ಇನ್ನೊಂದಿಷ್ಟು ಅಳೆದುಕೊಂಡು ಬಂದೆ.

ಸಾಗರದಲ್ಲಿ ಕೂತು ಮಸಿ ಹಾಕಿದೆ. ನನ್ನ ಕೈಯಲ್ಲಿ ಬಂದ ನಕ್ಷೆಗಳಲ್ಲೆಲ್ಲ ಚಂದದ್ದು ಅದು. ಶ್ರೀಕಂಠಯ್ಯನವರ ಮೇಜಿಗೆ ರುಜುವಿಗೆ ಇಟ್ಟೆ. ಅವರು ಕಂಬ ನೋಡಿದರು, ಕಣ್ಣು ನೋಡಿದರು, ಕೊನೆಗೆ ಕನ್ನಡಕ ಸರಿಮಾಡಿಕೊಂಡು ಆಚೆ ದಡ ನೋಡಿದರು. ಅಲ್ಲಿ ಸಾಲಾಗಿ ಗುಡಿಸಲುಗಳಿದ್ದವು, ಒಂದು ಬಾವಿ, ಗದ್ದೆಯ ಅಂಚು, ಮಂಜಪ್ಪಗೌಡರ ಮನೆ ಮುಂದಿನ ತುಳಸಿಕಟ್ಟೆ.

"ಸೇತುವೆ ನಕ್ಷೆಯಲ್ಲಿ ಮನೆಗಳು ಯಾಕೆ ಲಲಿತಮ್ಮ?" ಅಂದರು.

"ಈ ನಕ್ಷೆಯನ್ನ ಯಾರೂ ಯಾವತ್ತೂ ಒಗೆಯೋ ಹಾಗಿಲ್ಲ ಸರ್" ಅಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಪೆನ್ನು ತೆಗೆದು ರುಜು ಹಾಕಿದರು. ನಾನು ಅದರ ಎರಡು ಪ್ರತಿ ಮಾಡಿ, ಎರಡು ಊರಿಗೆ ಕಳಿಸಿದೆ.